ಪ್ರಶ್ನಾವಳಿಗೆ ಎಲ್ಲರೂ ಒಂದೇ ಥರ ಟಿಕ್ ಹಾಕಿದ್ದಾರೆ, ತಪ್ಪು ಎಲ್ಲಿದೆ?

ಶಿಂಷಾ ದಂಡೆ
ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಸೈಕಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಊರು ಮದ್ದೂರು ಕಡೆ. ನಮ್ಮ ಹಳ್ಳಿಗಳಿಂದ ದಿನಾ ಬೆಳಗ್ಗೆ ಬಸ್ಸು, ಟೆಂಪೋ ತುಂಬಾ ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಮ್ಮ ಚಿಕ್ಕಮ್ಮನೂ ಅದೇ ಬಸ್ಸಿನಲ್ಲಿ ಹೋಗುತ್ತಾರೆ. ಇವರ ಮನಸ್ಸಿನ ಒತ್ತಡಕ್ಕೂ ನಿದ್ದೆಗೂ ಇರುವ ಸಂಬಂಧದ ಮೇಲೆ ನನ್ನ ಡೆಸರ್ಟೇಶನ್.

ಒತ್ತಡ ಅಳೆಯೋಕೆ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್‌ನ 10 ಪ್ರಶ್ನೆಗಳನ್ನು ತೆಗೆದುಕೊಂಡೆ. ನಾನೂ ನನ್ನ ಗೆಳತಿಯೂ ಸೇರಿ ಕನ್ನಡಕ್ಕೆ ಮಾಡಿದೆವು. ಉತ್ತರಕ್ಕೆ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಆಯ್ಕೆ ಕೊಟ್ಟೆ. ಒಂದು ಫ್ಯಾಕ್ಟರಿಯಲ್ಲಿ ಅನುಮತಿ ಸಿಕ್ಕಿತು. ಊಟದ ಹೊತ್ತಿನಲ್ಲಿ ಸೂಪರ್‌ವೈಸರ್ ಅವರೇ ಫಾರಂ ಹಂಚಿ, ಅವರೇ ಒಟ್ಟು ಮಾಡಿ ಕೊಟ್ಟರು. 30 ಫಾರಂ. ಅರ್ಧ ಗಂಟೆಯಲ್ಲಿ ಎಲ್ಲವೂ ವಾಪಸ್.

ತೆಗೆದು ನೋಡಿದರೆ ಹೆಚ್ಚಿನವರು ಮೇಲಿಂದ ಕೆಳಗೆ 'ಒಪ್ಪುತ್ತೇನೆ'ಗೇ ಟಿಕ್ ಹಾಕಿದ್ದಾರೆ. ಕ್ರಾನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಸಾಮಾನ್ಯವಾಗಿ ಬೇಕು ಅನ್ನುವ 0.7ರ ಹತ್ತಿರಕ್ಕೂ ಬಂದಿಲ್ಲ. 'ಕೆಟ್ಟ ಪ್ರಶ್ನೆ ತೆಗೆದುಹಾಕು, ಸ್ಯಾಂಪಲ್ 384 ಮಾಡು, ಸರಿಹೋಗುತ್ತೆ' ಅಂತ ಗೈಡ್ ಹೇಳುತ್ತಿದ್ದಾರೆ. ನನಗೆ ಸಮಾಧಾನ ಆಗುತ್ತಿಲ್ಲ. ಇದೇ ಫಾರಂ ಇನ್ನೂ 350 ಜನರಿಗೆ ಕೊಟ್ಟರೆ ಏನು ಸಿಕ್ಕೀತು? ದಯವಿಟ್ಟು ದಾರಿ ತೋರಿಸಿ.

ಹಳೇ ಮೇಷ್ಟ್ರು
ಸೋಮವಾರ ರಾತ್ರಿ

ನಿಲ್ಲಿಸಿದ್ದು ಒಳ್ಳೇದಾಯ್ತು ತಾಯಿ. 30 ಫಾರಂ ಹೋದರೆ ಹೋಗಲಿ. ಅದಕ್ಕೇ ಪೈಲಟ್, ಅಂದರೆ ಮೊದಲು ಸಣ್ಣದಾಗಿ ಪರೀಕ್ಷೆ, ಮಾಡೋದು.

ಮೊದಲು ಎರಡು ಪ್ರಶ್ನೆ. ಈ ಸ್ಕೇಲ್‌ನಲ್ಲಿ 4, 5, 7, 8ನೇ ಪ್ರಶ್ನೆಗಳು ಉಲ್ಟಾ. ಅವು ಒಳ್ಳೆಯದನ್ನು ಕೇಳುತ್ತವೆ, ಉಳಿದ ಆರು ಕಷ್ಟವನ್ನು ಕೇಳುತ್ತವೆ. ಅಂಕ ಕೂಡುವಾಗ ಆ ನಾಲ್ಕನ್ನು ತಿರುಗಿಸಿದಿರಾ, ಅಂದರೆ ಹೆಚ್ಚಿನ ಅಂಕವನ್ನು ಕಡಿಮೆ, ಕಡಿಮೆಯದನ್ನು ಹೆಚ್ಚು ಮಾಡಿದಿರಾ?

ಎರಡನೆಯದು ಇನ್ನೂ ಮುಖ್ಯ. ಮೂಲದಲ್ಲಿ 'ಒಪ್ಪುತ್ತೀರಾ' ಅಂತ ಎಲ್ಲೂ ಇಲ್ಲ. ಕೋಹೆನ್ ಮತ್ತು ಜೊತೆಗಾರರು 1983ರಲ್ಲಿ ಇದನ್ನು ಮಾಡಿದಾಗ ಕೇಳಿದ್ದು 'ಹೋದ ಒಂದು ತಿಂಗಳಲ್ಲಿ ಎಷ್ಟು ಸಲ ಹೀಗೆ ಅನ್ನಿಸಿತು' ಅಂತ. ಉತ್ತರ 'ಯಾವತ್ತೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ, 0ಯಿಂದ 4. ನಿಮ್ಮ 10 ಪ್ರಶ್ನೆಗೆ ಒಟ್ಟು 40 ಅಂಕ. ನೀವು ಅದನ್ನು ಒಪ್ಪಿಗೆಯ ಪ್ರಶ್ನೆ ಮಾಡಿದ್ದೀರಿ. ಯಾಕೆ?

ಶಿಂಷಾ ದಂಡೆ
ಸೋಮವಾರ ರಾತ್ರಿ

ತಿರುಗಿಸಿದ್ದೇನೆ ಸರ್. ಆಯ್ಕೆ ಬದಲಾಯಿಸಿದ್ದಕ್ಕೆ ಕಾರಣ, ಕ್ಲಾಸಲ್ಲಿ 'ಲೈಕರ್ಟ್ ಸ್ಕೇಲ್ ಹಾಕಿ' ಅಂದಿದ್ದರು. ಲೈಕರ್ಟ್ ಅಂದರೆ ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತಲೇ ತಿಳಿದುಕೊಂಡಿದ್ದೆ.

ಹಳೇ ಮೇಷ್ಟ್ರು
ಮಂಗಳವಾರ ಬೆಳಗ್ಗೆ

ಇದು ಬಹಳ ಜನಕ್ಕೆ ಆಗುತ್ತೆ. ರೆನ್ಸಿಸ್ ಲೈಕರ್ಟ್ 1932ರಲ್ಲಿ ತನ್ನ ವಿಧಾನ ಬರೆದಿದ್ದು ಅಭಿಪ್ರಾಯ ಅಳೆಯೋಕೆ. ಅಭಿಪ್ರಾಯ ಕೇಳುವಾಗ ಒಪ್ಪಿಗೆ ಕೇಳೋದು ಸರಿ. ಆದರೆ ಒತ್ತಡ ಅಭಿಪ್ರಾಯ ಅಲ್ಲ, ಅನುಭವ. ಅನುಭವವನ್ನು ಎಷ್ಟು ಸಲ, ಎಷ್ಟು ದಿನ ಅಂತ ಕೇಳಬೇಕು.

'ಒಪ್ಪುತ್ತೀರಾ' ಅಂತ ಕೇಳಿದಾಗ ಇನ್ನೊಂದು ತೊಂದರೆ ಇದೆ. ಕೇಳುವವರು ಓದಿದವರು, ಫಾರಂ ಕಾಲೇಜಿಂದ ಬಂದಿದೆ, ಹಂಚಿದವರು ಸೂಪರ್‌ವೈಸರ್. ಅಂಥ ಕಡೆ 'ಒಪ್ಪಲ್ಲ' ಅನ್ನೋದು ಮರ್ಯಾದೆ ಅಲ್ಲ ಅಂತ ನಮ್ಮ ಜನಕ್ಕೆ ಅನ್ನಿಸುತ್ತೆ. ಅದಕ್ಕೇ ಎಲ್ಲದಕ್ಕೂ ಹೂಂ ಅಂದಿದ್ದಾರೆ. ಎಲ್ಲಕ್ಕೂ ಹೂಂ ಅಂದ ಮೇಲೆ ನೀವು ಆ ನಾಲ್ಕನ್ನು ತಿರುಗಿಸಿದರೆ, ಆ ನಾಲ್ಕಕ್ಕೂ ಉಳಿದ ಆರಕ್ಕೂ ತಾಳ ತಪ್ಪುತ್ತೆ. ಆಲ್ಫಾ ಬೀಳೋದು ಅಲ್ಲಿಂದ. ಉಲ್ಟಾ ಪ್ರಶ್ನೆಗಳನ್ನು ಹಾಕಿರೋದೇ ಇದನ್ನು ಹಿಡಿಯೋಕೆ. ಅವನ್ನು ತೆಗೆದುಹಾಕಿದರೆ ಆಲ್ಫಾ ಚೆನ್ನಾಗಿ ಬರಬಹುದು. ಆದರೆ ನೀವು ಅಳೆದದ್ದು ಒತ್ತಡವನ್ನಲ್ಲ, ಹೂಂಗುಟ್ಟುವ ಅಭ್ಯಾಸವನ್ನು.

ಕನ್ನಡದ್ದೇ ಒಂದು ತೊಡಕೂ ಇದೆ. 'ನಿಮಗೆ ನಿದ್ದೆ ಬರಲ್ವಾ?' ಅಂತ ಕೇಳಿ ನೋಡಿ. ಒಬ್ಬರು 'ಹೌದು, ಬರಲ್ಲ' ಅನ್ನುತ್ತಾರೆ. ಇನ್ನೊಬ್ಬರು 'ಇಲ್ಲ, ಬರಲ್ಲ' ಅನ್ನುತ್ತಾರೆ. ಇಬ್ಬರು ಹೇಳಿದ್ದೂ ಒಂದೇ. ಫಾರಂನಲ್ಲಿ ಮಾತ್ರ ಒಬ್ಬರದು ಹೌದು, ಇನ್ನೊಬ್ಬರದು ಇಲ್ಲ. ಅದಕ್ಕೇ 'ಇಲ್ಲ', 'ಅಲ್ಲ', 'ಆಗಲ್ಲ' ಇರುವ ವಾಕ್ಯಕ್ಕೆ ಹೌದು-ಇಲ್ಲ ಕೇಳಲೇಬಾರದು.

ದಾರಿಬದಿ
ಮಂಗಳವಾರ ಬೆಳಗ್ಗೆ

ಮೇಡಂ, ಪೇಪರ್ ಫಾರಂ ಯಾಕೆ? ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಿ. ನಾನು ಐಟಿಯಲ್ಲಿದ್ದೇನೆ, ನಮ್ಮ ಆಫೀಸಲ್ಲಿ ಎಲ್ಲಾ ಸರ್ವೆ ಹಾಗೇ ನಡೆಯೋದು. ಎರಡು ದಿನದಲ್ಲಿ 384 ಏನು, ಸಾವಿರ ಬರುತ್ತೆ. ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ.

ಸಂತೆಮಾಳ
ಮಂಗಳವಾರ ಮಧ್ಯಾಹ್ನ

ದಾರಿಬದಿ ಅವರೇ, ಸಹಾಯ ಮಾಡುತ್ತೇನೆ ಅಂದಿದ್ದಕ್ಕೆ ಸಂತೋಷ. ಆದರೆ ನಾನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ 14 ವರ್ಷ ಮನೆ ಮನೆ ತಿರುಗಿ ಸರ್ವೆ ಮಾಡಿದವಳು. ಕಂಡಿದ್ದನ್ನು ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಫೋನ್ ಒಂದೇ ಇರುತ್ತೆ. ಅದು ಗಂಡನ ಹತ್ತಿರವೋ ಮಗನ ಹತ್ತಿರವೋ ಇರುತ್ತೆ. ಲಿಂಕ್ ಒತ್ತಿದರೆ ದುಡ್ಡು ಹೋಗುತ್ತೆ ಅನ್ನೋ ಭಯ ಬೇರೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗಾಗಿ ನಿಮ್ಮ ಸಾವಿರ ಉತ್ತರ ಯಾರಿಂದ ಬರುತ್ತೆ ಅಂದರೆ, ಫೋನ್ ಇದ್ದು, ಓದಲು ಬಂದು, ಬಿಡುವೂ ಇದ್ದವರಿಂದ. ಯಾರಿಗೆ ಒತ್ತಡ ಜಾಸ್ತಿಯೋ ಅವರೇ ಬಿಟ್ಟುಹೋಗುತ್ತಾರೆ.

ಹಳೇ ಮೇಷ್ಟ್ರು
ಮಂಗಳವಾರ ಮಧ್ಯಾಹ್ನ

ಸಂತೆಮಾಳ ಅವರ ಮಾತಿಗೆ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ. ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಮತಪತ್ರ ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಆದರೆ 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಿಳಾಸ ತೆಗೆದುಕೊಂಡಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯ ಪಟ್ಟಿಗಳಿಂದ. ಆ ಕಷ್ಟದ ಕಾಲದಲ್ಲಿ ಫೋನೂ ಕಾರೂ ಇದ್ದವರು ಯಾರು ಯೋಚಿಸಿ. ಮೇಲೆ, ವಾಪಸ್ ಕಳಿಸಿದವರು ನಾಲ್ಕರಲ್ಲಿ ಒಬ್ಬರು ಮಾತ್ರ. ಜನಾಭಿಪ್ರಾಯ ಸಮೀಕ್ಷೆ ಮಾಡುತ್ತಿದ್ದ ಗ್ಯಾಲಪ್ ಅವರು ಅದಕ್ಕಿಂತ ಎಷ್ಟೋ ಚಿಕ್ಕ ಸ್ಯಾಂಪಲ್ ಇಟ್ಟುಕೊಂಡು ಗೆದ್ದವರನ್ನು ಸರಿಯಾಗಿ ಹೇಳಿದ್ದರು.

ಇನ್ನು 384. ಇದನ್ನು ಮಂತ್ರದ ಥರ ಹೇಳುತ್ತಾರೆ. ಅದು ಬಂದಿದ್ದು ಒಂದೇ ಲೆಕ್ಕದಿಂದ: ದೊಡ್ಡ ಜನಸಂಖ್ಯೆಯಲ್ಲಿ ಶೇಕಡಾ ಎಷ್ಟು ಅಂತ ತಿಳಿಯೋಕೆ, 95% ಭರವಸೆ, 5% ಹೆಚ್ಚು ಕಡಿಮೆ. ಅದೂ ಲಾಟರಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ನಿಮ್ಮ ಫ್ಯಾಕ್ಟರಿಯಲ್ಲಿ 800 ಜನ ಇದ್ದರೆ ಅದೇ ಲೆಕ್ಕಕ್ಕೆ 260 ಸಾಕು. ಆದರೆ ನಿಮ್ಮ ಪ್ರಶ್ನೆ ಶೇಕಡಾ ಅಲ್ಲ, ಒತ್ತಡಕ್ಕೂ ನಿದ್ದೆಗೂ ಸಂಬಂಧ. ಸಂಬಂಧ 0.3ರಷ್ಟು (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಸಂಬಂಧ) ಇರಬಹುದು ಅಂದುಕೊಂಡರೆ, ಅದನ್ನು 80% ಬಲದಿಂದ, ಅಂದರೆ ನೂರಕ್ಕೆ ಎಂಬತ್ತು ಸಲ ಕಾಣುವ ಹಾಗೆ, ಹಿಡಿಯೋಕೆ ಸುಮಾರು 85 ಜನ ಸಾಕು. ಬಿಟ್ಟುಹೋಗುವವರನ್ನು ಸೇರಿಸಿ 110 ಅಂತ ಇಟ್ಟುಕೊಳ್ಳಿ. ಈ 110 ಜನರ ಹತ್ತಿರ ಕೂತು ಮಾತಾಡೋಕೆ ನಿಮಗೆ ಆಗುತ್ತೆ.

ನೆರಳು ಬೆಳಕು
ಮಂಗಳವಾರ ಸಂಜೆ

ನಾನು ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅನುವಾದದ ಬಗ್ಗೆ ಒಂದು ಮಾತು. ಮೊದಲು ಯಾರಾದರೂ ಕನ್ನಡಕ್ಕೆ ಮಾಡಿ ಪರೀಕ್ಷೆ ಮಾಡಿದ್ದಾರಾ ಅಂತ ಹುಡುಕಿ. ಸಿಕ್ಕರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬ್ರಿಸ್ಲಿನ್ 1970ರಲ್ಲಿ ಹೇಳಿದ ಹಾಗೆ ಮಾಡಿ. ಒಬ್ಬರು ಕನ್ನಡಕ್ಕೆ ಮಾಡಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಬೇಕು, ಆಮೇಲೆ ಎರಡನ್ನೂ ಹೋಲಿಸಬೇಕು. ನಿಮಗೆ ಬೇಕಾದ ಹಾಗೆ ಪದ ಬದಲಾಯಿಸಬೇಡಿ. ಬದಲಾಯಿಸಿದರೆ ಬೇರೆಯವರ ಅಧ್ಯಯನದ ಜೊತೆ ಅಂಕ ಹೋಲಿಸೋಕೆ ಆಗಲ್ಲ.

ಸಂತೆಮಾಳ
ಮಂಗಳವಾರ ಸಂಜೆ

ವಾಪಸ್ ಅನುವಾದ ಸರಿ ಬಂದರೂ ಪ್ರಶ್ನೆ ಸರಿ ಇರಲ್ಲ, ಅದನ್ನೂ ಹೇಳಬೇಕು ತಮ್ಮಾ. 'ನಿಮ್ಮ ಜೀವನದ ಪ್ರಮುಖ ವಿಷಯಗಳನ್ನು ನಿಯಂತ್ರಿಸಲು ನೀವು ಅಸಮರ್ಥರೆಂದು ಭಾವಿಸಿದ್ದೀರಾ' ಅಂತ ಕನ್ನಡ ಮಾಡಿದರೆ, ವಾಪಸ್ ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಹೋಗುತ್ತೆ. ಓದಿದ ಇಬ್ಬರು ಕೂತು ಮಾಡಿದ್ದಲ್ವಾ. ಬತ್ತ ನಾಟಿ ಮಾಡೋ ಹೆಂಗಸಿಗೆ ಅದು ಕಾಗದದ ಭಾಷೆ. 'ನೀವೇ ಏನಾರ ಬರ್ಕೊಳ್ರಿ' ಅನ್ನುತ್ತಾರೆ.

ಸರಳ ಮಾಡಿದರೂ ಜಾರುತ್ತೆ. ನಾವು ಒಮ್ಮೆ ಇಂಥದ್ದೇ ಪ್ರಶ್ನೆಯನ್ನು 'ಯಾವುದೂ ನಮ್ಮ ಕೈಲಿಲ್ಲ ಅನ್ನಿಸುತ್ತಾ' ಅಂತ ಮಾಡಿದ್ದೆವು. ಕೇಳಿದವರೆಲ್ಲ ಹೌದು ಅಂದರು. ಆಮೇಲೆ ಒಬ್ಬ ಅಜ್ಜಿ ಹತ್ತಿರ ಕೂತು ಯಾಕೆ ಅಂತ ಕೇಳಿದೆ. 'ಎಲ್ಲಾ ದೇವರ ಕೈಯಾಗ ಐತಿ, ನಮ್ಮ ಕೈಯಾಗ ಏನೈತಿ' ಅಂದಳು. ಅವಳಿಗೆ ಅದು ಸಮಾಧಾನದ ಮಾತು! ನಮ್ಮ ಲೆಕ್ಕದಲ್ಲಿ ಅದು ಒತ್ತಡ ಅಂತ ಸೇರಿತ್ತು.

ಆಯ್ಕೆಗಳಲ್ಲೂ ನೋಡಿಕೊಳ್ಳಿ. ನಡುವೆ 'ಪರವಾಗಿಲ್ಲ' ಅಂತ ಹಾಕುತ್ತಾರೆ. 'ಊಟ ಹೇಗಿತ್ತು' ಅಂದಾಗ 'ಪರವಾಗಿಲ್ಲ' ಅಂದರೆ ಒಬ್ಬರಿಗೆ ಚೆನ್ನಾಗಿತ್ತು ಅಂತ, ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ ಅಂತ. 'ಬೇಜಾರು' ಕೂಡ ಹಾಗೇ. ದುಃಖಕ್ಕೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು. ನಮ್ಮ ಕಡೆ ಅದೇ ಬ್ಯಾಸರ. 'ಖಿನ್ನತೆ' ಅಂದರಂತೂ ಮುಖ ನೋಡುತ್ತಾರೆ. 'ಎದೆ ಭಾರ ಆಗುತ್ತೆ', 'ಏನೂ ಬೇಡ ಅನ್ನಿಸುತ್ತೆ' ಅಂತ ಅವರೇ ಹೇಳುತ್ತಾರೆ, ಕಿವಿ ಕೊಟ್ಟರೆ.

ನೆರಳು ಬೆಳಕು
ಮಂಗಳವಾರ ರಾತ್ರಿ

ಅಕ್ಕಾ, ದೇವರ ಕೈ ಉದಾಹರಣೆಯನ್ನು ಒಪ್ಪುತ್ತೇನೆ. ಆದರೂ ಪ್ರತಿ ತಾಲ್ಲೂಕಿಗೆ ಒಂದೊಂದು ಪ್ರಶ್ನಾವಳಿ ಮಾಡಿದರೆ ಯಾವುದನ್ನೂ ಯಾವುದರ ಜೊತೆಗೂ ಹೋಲಿಸೋಕೆ ಆಗಲ್ಲ ಅನ್ನುವುದು ನನ್ನ ಅಭಿಪ್ರಾಯ. ಪ್ರಶ್ನೆಯ ತಿರುಳು, ಕಾಲದ ಅವಧಿ, ಆಯ್ಕೆಗಳ ಸಂಖ್ಯೆ, ಇಷ್ಟು ಮುಟ್ಟಬಾರದು. ಪದ ಸರಳ ಮಾಡಬಹುದು. ಏನೇನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಅಂತ ಒಂದೊಂದನ್ನೂ ಪ್ರಬಂಧದಲ್ಲಿ ಬರೆಯಲೇಬೇಕು.

ಹಳೇ ಮೇಷ್ಟ್ರು
ಮಂಗಳವಾರ ರಾತ್ರಿ

ಇಬ್ಬರ ಮಾತೂ ಬೇಕು. ಅದಕ್ಕೆ ದಾರಿ ಇದೆ. ಅನುವಾದ ಆದ ಮೇಲೆ, ಪೈಲಟ್‌ಗೂ ಮುಂಚೆ, ಐದಾರು ಜನರ ಹತ್ತಿರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಓದಿ. ಉತ್ತರ ಬರೆದುಕೊಂಡು ಸುಮ್ಮನಾಗಬೇಡಿ. 'ಈ ಪ್ರಶ್ನೆಯನ್ನು ನಿಮ್ಮ ಮಾತಲ್ಲಿ ಹೇಳಿ', 'ಇದನ್ನು ಕೇಳಿದಾಗ ನಿಮಗೆ ಏನು ನೆನಪಾಯ್ತು', 'ಆಗಾಗ ಅಂದಿರಲ್ಲ, ಹಾಗಂದರೆ ತಿಂಗಳಿಗೆ ಎಷ್ಟು ಸಲ' ಅಂತ ಕೇಳಿ. ಇದಕ್ಕೆ ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುತ್ತಾರೆ. ಈ ಐದಾರು ಜನ ಕಲಿಸಿಕೊಡುವುದನ್ನು ಮುನ್ನೂರು ಫಾರಂ ಕಲಿಸಲ್ಲ. ನಾನು ಇದನ್ನು ಮಾಡದ ಯಾವ ವಿದ್ಯಾರ್ಥಿಯನ್ನೂ ಫೀಲ್ಡಿಗೆ ಕಳಿಸುತ್ತಿರಲಿಲ್ಲ.

ರೈನ್ ನದಿ ಕನ್ನಡಿಗ
ಬುಧವಾರ ಮುಂಜಾನೆ

ಜರ್ಮನಿಯಿಂದ ಬರೆಯುತ್ತಿದ್ದೇನೆ, ಇಲ್ಲೇ ಓದಿದ್ದು. ಆಯ್ಕೆಗಳ ವಿಷಯ ಬಂತು ಅಂತ ಇಲ್ಲಿ ನಡೆದ ಒಂದು ಹಳೆಯ ಪ್ರಯೋಗ ನೆನಪಾಯ್ತು. 1985ರಲ್ಲಿ ಶ್ವಾರ್ಟ್ಸ್ ಮತ್ತು ಜೊತೆಗಾರರು ದಿನಕ್ಕೆ ಎಷ್ಟು ಹೊತ್ತು ಟಿ.ವಿ. ನೋಡುತ್ತೀರಿ ಅಂತ ಕೇಳಿದರು. ಅರ್ಧ ಜನಕ್ಕೆ ಕೊಟ್ಟ ಆಯ್ಕೆಗಳು ಅರ್ಧ ಗಂಟೆಯಿಂದ ಶುರುವಾಗಿ 'ಎರಡೂವರೆ ಗಂಟೆಗಿಂತ ಜಾಸ್ತಿ'ಗೆ ಮುಗಿಯುತ್ತಿದ್ದವು. ಉಳಿದವರಿಗೆ ಶುರುವಾಗುವುದೇ 'ಎರಡೂವರೆ ಗಂಟೆವರೆಗೆ' ಅಂತ, ಮುಗಿಯುವುದು 'ನಾಲ್ಕೂವರೆಗಿಂತ ಜಾಸ್ತಿ' ಅಂತ. ಮೊದಲ ಗುಂಪಿನಲ್ಲಿ ಎರಡೂವರೆ ಗಂಟೆಗಿಂತ ಜಾಸ್ತಿ ಅಂದವರು 16.2%. ಎರಡನೆಯದರಲ್ಲಿ 37.5%. ಜನ ಆಯ್ಕೆಗಳನ್ನು ನೋಡಿ 'ಎಲ್ಲರೂ ಸಾಮಾನ್ಯವಾಗಿ ಇಷ್ಟು ನೋಡುತ್ತಾರೇನೋ' ಅಂತ ಊಹೆ ಮಾಡಿ, ಅದರ ನಡುವೆ ತಮ್ಮನ್ನು ಇಟ್ಟುಕೊಳ್ಳುತ್ತಾರೆ. ನಿದ್ದೆಯ ಗಂಟೆ ಕೇಳುವಾಗ ನಿಮಗೂ ಹೀಗೇ ಆಗಬಹುದು. ಆಯ್ಕೆ ಕೊಡಬೇಡಿ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಅಂತ ಕೇಳಿ ನೀವೇ ಲೆಕ್ಕ ಹಾಕಿ.

ಪ್ರಶ್ನೆಗಳ ಸಾಲೂ ಮುಖ್ಯ. ಸ್ಟ್ರಾಕ್, ಮಾರ್ಟಿನ್, ಶ್ವಾರ್ಟ್ಸ್ 1988ರಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕೇಳಿದರು. ಒಂದು ಬದುಕಿನ ಸಂತೋಷದ ಬಗ್ಗೆ, ಇನ್ನೊಂದು ಎಷ್ಟು ಸಲ ಡೇಟಿಂಗ್ ಹೋಗುತ್ತೀರಿ ಅಂತ. ಸಂತೋಷ ಮೊದಲು ಕೇಳಿದಾಗ ಎರಡಕ್ಕೂ ಸಂಬಂಧವೇ ಕಾಣಲಿಲ್ಲ, -0.12. ಡೇಟಿಂಗ್ ಮೊದಲು ಕೇಳಿದಾಗ 0.66! ನಿಮ್ಮದೂ ಸಂಬಂಧದ ಅಧ್ಯಯನವೇ. 'ರಾತ್ರಿ ನಿದ್ದೆ ಬರಲಿಲ್ಲ' ಅಂತ ಹೇಳಿಸಿ ಆಮೇಲೆ ಒತ್ತಡ ಕೇಳಿದರೆ, ನಿದ್ದೆಯನ್ನೇ ನೆನೆಸಿಕೊಂಡು ಉತ್ತರ ಕೊಡುತ್ತಾರೆ. ಅರ್ಧ ಜನಕ್ಕೆ ಒಂದು ಸಾಲು, ಅರ್ಧ ಜನಕ್ಕೆ ಇನ್ನೊಂದು ಸಾಲು ಮಾಡಿ ನೋಡಿ.

ಟೈಲರ್ ಲೈನ್ 4
ಬುಧವಾರ ರಾತ್ರಿ

ಎಲ್ಲಾ ಓದಿದೆ. ನಾನು ಸೈಕಾಲಜಿ ಓದಿದವಳಲ್ಲ. ಗಾರ್ಮೆಂಟ್ಸ್‌ನಲ್ಲಿ 9 ವರ್ಷದಿಂದ ಟೈಲರ್. ಬೇರೆ ಫ್ಯಾಕ್ಟರಿ. ನಮಗೂ ಒಂದು ಸಲ ಇಂಥ ಫಾರಂ ಕೊಟ್ಟಿದ್ದರು. ಅದಕ್ಕೆ ಬರೆಯುತ್ತಿದ್ದೇನೆ.

ಊಟಕ್ಕೆ ಬಿಡೋದೇ ಅರ್ಧ ಗಂಟೆ. ಕೈ ತೊಳೆಯೋಕೆ ಲೈನ್, ಟಾಯ್ಲೆಟ್‌ಗೆ ಲೈನ್. ಅದರಲ್ಲಿ ಫಾರಂ ಕೊಟ್ಟರೆ ಯಾರು ಓದುತ್ತಾರೆ ಹೇಳಿ. ಸೂಪರ್‌ವೈಸರ್ ಕೈಯಿಂದ ಬಂದ ಕಾಗದ ಅಂದರೆ ನಮಗೆ ಮೊದಲು ಬರೋ ಯೋಚನೆ, ಇದು ಯಾರ ಕೈಗೆ ಹೋಗುತ್ತೆ ಅಂತ. ಪಿಎಫ್‌ಗೆ ಸಂಬಂಧಪಟ್ಟಿದ್ದಾ, ಕೆಲಸದಿಂದ ತೆಗೆಯೋಕಾ ಅಂತ. ಪಕ್ಕದವಳು ಯಾವುದಕ್ಕೆ ಹಾಕಿದಳೋ ನಾನೂ ಅದಕ್ಕೇ ಹಾಕಿದೆ. ಹೆಸರು ಬರೆಯಬೇಡಿ ಅಂದಿದ್ದರು. ಆದರೆ ಲೈನ್ ನಂಬರ್, ವಯಸ್ಸು, ಊರು ಕೇಳಿದ್ದರು. ನಮ್ಮೂರಿಂದ ಆ ಲೈನಿಗೆ ಬರೋಳು ನಾನೊಬ್ಬಳೇ.

ಇನ್ನೊಂದು ಮಾತು. ಫಾರಂನಲ್ಲಿ ಕೆಲಸದ ಒತ್ತಡ ಅಂತ ಒಂದೇ ಪ್ರಶ್ನೆ ಇತ್ತು. ಟಾರ್ಗೆಟ್ ಒತ್ತಡ ಬೇರೆ. ಎಲ್ಲರ ಎದುರಿಗೆ ಬೈಸಿಕೊಳ್ಳೋದು ಬೇರೆ. ಮಗುಗೆ ಜ್ವರ ಇದ್ದಾಗ ರಜೆ ಕೇಳೋಕೆ ಹೋಗೋದು ಬೇರೆ. ನಿದ್ದೆ ಬರಲ್ಲ ಅನ್ನೋದಲ್ಲ, ಮಲಗೋಕೆ ಹೊತ್ತೇ ಇರಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ ಬಸ್ ಹಿಡೀಬೇಕು. ಅದನ್ನು ಯಾರೂ ಕೇಳಲಿಲ್ಲ.

ಸಂತೆಮಾಳ
ಬುಧವಾರ ರಾತ್ರಿ

ತಂಗಿ, ನೀವು ಬರೆದಿದ್ದು ನಮ್ಮೆಲ್ಲರ ಮಾತಿಗಿಂತ ದೊಡ್ಡದು. ನಿದ್ದೆ ಬರಲ್ಲ ಅನ್ನೋದು ಬೇರೆ, ಮಲಗೋಕೆ ಹೊತ್ತಿಲ್ಲ ಅನ್ನೋದು ಬೇರೆ. ಒಂದೇ ಪ್ರಶ್ನೆಯಲ್ಲಿ ಎರಡನ್ನೂ ಸೇರಿಸಿದರೆ ಇಡೀ ಅಧ್ಯಯನ ಅಡ್ಡದಾರಿ ಹಿಡಿಯುತ್ತೆ.

ಶಿಂಷಾ ದಂಡೆ ಅವರೇ, ಫ್ಯಾಕ್ಟರಿ ಒಳಗೆ ಬೇಡ. ಊರಲ್ಲಿ ಕೇಳಿ. ಬಸ್ ಯಾವ ಯಾವ ಊರಿಗೆ ಹೋಗುತ್ತೆ ಪಟ್ಟಿ ಮಾಡಿ. ಚೀಟಿ ಎತ್ತಿ ಕೆಲವು ಊರು ಆರಿಸಿ. ಆ ಊರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರ ಮನೆಗಳನ್ನೆಲ್ಲ ಗುರುತು ಮಾಡಿಕೊಂಡು, ಅದರಲ್ಲೂ ಚೀಟಿ ಎತ್ತಿ. ಸಿಕ್ಕವರನ್ನೇ ಕೇಳಿದರೆ ಪರಿಚಯದವರೇ ತುಂಬಿಕೊಳ್ಳುತ್ತಾರೆ. ಮೊದಲ ಸಲ ಹೋದಾಗ ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂರುತ್ತಾರೆ. ಬೇಡ ಅನ್ನಬೇಡಿ. ಕಾಫಿ ಕುಡಿದು, ಸುಲಭದ ಪ್ರಶ್ನೆ ಕೇಳಿ, ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಬನ್ನಿ. ಎರಡನೇ ಸಲ ಹಿತ್ತಲಲ್ಲೋ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೋ ಮಾತು ಬರುತ್ತೆ.

ಆಯ್ಕೆ ಹೇಳೋಕೆ ನಾವು ಕಾಳು ಬಳಸುತ್ತಿದ್ದೆವು. ಐದು ತಟ್ಟೆ. ಒಂದು ಖಾಲಿ, ಆಮೇಲೆ ಒಂದು ಕಾಳು, ಎರಡು, ಮೂರು, ನಾಲ್ಕು. ಕೈ ತೋರಿಸಿದರೆ ಆಯ್ತು. ಜೋರಾಗಿ ಹೇಳಬೇಕಾಗಿಲ್ಲ, ಪಕ್ಕದ ಮನೆಯವರಿಗೆ ಕೇಳಲ್ಲ. ಒಂದು ತಿಂಗಳು ಅಂದರೆ ಕ್ಯಾಲೆಂಡರ್ ನೋಡಲ್ಲ. 'ಹೋದ ಸಂಬಳ ಬಂದಾಗಿಂದ ಇವತ್ತಿನವರೆಗೆ' ಅಂತ ಕೇಳಿ.

ಬೆಳಕಿಂಡಿ
ಗುರುವಾರ ಬೆಳಗ್ಗೆ

ನಾನು ಆಸ್ಪತ್ರೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಯಾರೂ ಇನ್ನೂ ಹೇಳದ ಒಂದು ವಿಷಯ. ಒತ್ತಡ ಕೇಳೋಕೆ ಹೋದಾಗ ಬೇರೆ ಏನೇನೋ ಹೊರಗೆ ಬರುತ್ತೆ. ಬಹಳ ವಿದ್ಯಾರ್ಥಿಗಳು ಜೊತೆಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೂ ಸೇರಿಸುತ್ತಾರೆ. ಅದರ 9ನೇ ಪ್ರಶ್ನೆ ಸಾಯಬೇಕು ಅನ್ನಿಸುವುದರ ಬಗ್ಗೆ. ಒಬ್ಬಳು 'ದಿನಾ ಅನ್ನಿಸುತ್ತೆ' ಅಂದರೆ ನೀವು ಆ ಹೊತ್ತಿನಲ್ಲಿ ಏನು ಮಾಡುತ್ತೀರಿ? ಇದಕ್ಕೆ ಮುಂಚೆಯೇ ಉತ್ತರ ಬರೆದಿಟ್ಟುಕೊಂಡಿಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ. ಹೆಸರಿಲ್ಲದ ಆನ್‌ಲೈನ್ ಫಾರಂನಲ್ಲಂತೂ ಕೇಳಲೇಬೇಡಿ. ಉತ್ತರ ಕೊಟ್ಟವಳು ಎಲ್ಲಿದ್ದಾಳೆ ಅಂತ ಗೊತ್ತೇ ಆಗಲ್ಲ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನು ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಕೊಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಯಾರ ಹತ್ತಿರ ಕಳಿಸಬೇಕು ಅಂತ ಮುಂಚೆಯೇ ಮಾತಾಡಿಕೊಂಡು ಹೋಗಿ.

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ನೈತಿಕ ಮಾರ್ಗಸೂಚಿ ಓದಿ. ಮೇಲಿನವರ ಕೈಕೆಳಗೆ ಕೆಲಸ ಮಾಡುವವರನ್ನು ವಿಶೇಷ ಎಚ್ಚರಿಕೆಯಿಂದ ನೋಡಿಕೊಳ್ಳಬೇಕು ಅಂತ ಅದರಲ್ಲಿದೆ. ಅವರ ಒಪ್ಪಿಗೆ ನಿಜವಾದ ಒಪ್ಪಿಗೆಯೋ, ಭಯವೋ ಗೊತ್ತಾಗಲ್ಲ ಅನ್ನುವ ಕಾರಣಕ್ಕೆ. ಸೂಪರ್‌ವೈಸರ್ ತಂದುಕೊಟ್ಟ ಆ 30 ಫಾರಂಗಳನ್ನು ನಿಮ್ಮ ಅಧ್ಯಯನಕ್ಕೆ ಸೇರಿಸಬೇಡಿ ಅನ್ನುವುದು ನನ್ನ ಕಳಕಳಿಯ ಮಾತು. ಜಾಗ ಬದಲಾಯಿಸಿದರೆ ಎಥಿಕ್ಸ್ ಕಮಿಟಿಗೆ ಮತ್ತೆ ತಿಳಿಸಿ.

ದಾರಿಬದಿ
ಗುರುವಾರ ಬೆಳಗ್ಗೆ

ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಈ ದೃಷ್ಟಿಯಿಂದ ನಾನು ನೋಡಿರಲೇ ಇಲ್ಲ. ಡೇಟಾ ಎಂಟ್ರಿಗೆ, ಲೆಕ್ಕಕ್ಕೆ ಸಹಾಯ ಬೇಕಾದರೆ ಹೇಳಿ. ಜಾಮೊವಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಾಕಿಕೊಡುತ್ತೇನೆ.

ಶಿಂಷಾ ದಂಡೆ
ಮುಂದಿನ ಸೋಮವಾರ ರಾತ್ರಿ

ಎಲ್ಲರಿಗೂ ಮನಸಾರೆ ಧನ್ಯವಾದ. ಆ 30 ಫಾರಂ ತೆಗೆದಿಟ್ಟೆ. ಗೈಡ್ ಹತ್ತಿರ ಎರಡು ಗಂಟೆ ಮಾತಾಡಿದೆ. ಜಾಗ ಬದಲಾಯಿಸಲು ಒಪ್ಪಿದರು, ಎಥಿಕ್ಸ್ ಕಮಿಟಿಗೆ ಪತ್ರ ಹೋಗಿದೆ. ಪಿಎಚ್‌ಕ್ಯೂ-9 ಸೇರಿಸುತ್ತಿಲ್ಲ.

ಭಾನುವಾರ ಚಿಕ್ಕಮ್ಮ ಮತ್ತು ಅವರ ಜೊತೆ ಹೋಗುವ ಐದು ಜನರ ಹತ್ತಿರ ಒಬ್ಬೊಬ್ಬರಾಗಿ ಕೂತೆ. ಮೂಲದ ಹಾಗೆ 'ಎಷ್ಟು ಸಲ' ಅಂತ ಕೇಳಿದೆ, ಸಂತೆಮಾಳ ಅಕ್ಕ ಹೇಳಿದ ಹಾಗೆ ಅವರೆಕಾಳು ಇಟ್ಟುಕೊಂಡು. 'ಯಾವುದೂ ನಮ್ಮ ಕೈಲಿಲ್ಲ' ಅನ್ನುವ ಪ್ರಶ್ನೆಗೆ ಇಲ್ಲೂ ಇಬ್ಬರು ದೇವರ ಹೆಸರು ಹೇಳಿದರು! 'ಮಾಡಬೇಕಾದ ಮುಖ್ಯ ಕೆಲಸ ಕೈ ಮೀರಿ ಹೋಗ್ತಿದೆ ಅಂತ ಎಷ್ಟು ಸಲ ಅನ್ನಿಸಿತು' ಅಂತ ಬದಲಾಯಿಸಿದೆ. ಆಗ ಮಗಳ ಫೀಸು, ಸಂಘದ ಕಂತು, ಅತ್ತೆಯ ಔಷಧಿ ಅಂತ ಮಾತು ಬಂತು. ನೆರಳು ಬೆಳಕು ಅವರು ಹೇಳಿದ ಹಾಗೆ ಪ್ರತಿ ಬದಲಾವಣೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ನಿದ್ದೆಗೆ ಈಗ ಎರಡು ಬೇರೆ ಪ್ರಶ್ನೆ: ಮಲಗೋಕೆ ಎಷ್ಟು ಹೊತ್ತು ಸಿಕ್ಕಿತು, ಮಲಗಿದ ಮೇಲೆ ನಿದ್ದೆ ಬಂತಾ.

ಟೈಲರ್ ಲೈನ್ 4 ಅಕ್ಕ, ಒಂದು ಕೇಳಿಕೊಳ್ಳುತ್ತೇನೆ. ಹೊಸ ಪ್ರಶ್ನಾವಳಿಯನ್ನು ನಿಮ್ಮ ಎದುರು ಓದಬಹುದಾ? ಎಲ್ಲಿ ಅಂದರೆ ಅಲ್ಲಿಗೆ ಬರುತ್ತೇನೆ.

ಟೈಲರ್ ಲೈನ್ 4
ಮಂಗಳವಾರ ರಾತ್ರಿ

ಬನ್ನಿ. ಭಾನುವಾರ ಮಧ್ಯಾಹ್ನ ಮೂರರ ಮೇಲೆ. ಅಷ್ಟೊತ್ತಿಗೆ ವಾರದ ಬಟ್ಟೆ ಒಗೆದು ಮುಗಿದಿರುತ್ತೆ. ಊರಿನ ಹೆಸರು ಇಲ್ಲಿ ಹಾಕಲ್ಲ, ಮೆಸೇಜ್ ಮಾಡುತ್ತೇನೆ. ನನ್ನ ಜೊತೆ ಇನ್ನೂ ಇಬ್ಬರು ಬರುತ್ತಾರೆ. ಒಬ್ಬಳಿಗೆ ಓದೋಕೆ ಬರಲ್ಲ, ನಿಧಾನವಾಗಿ ಓದಿ ಹೇಳಬೇಕು.